ಚಾಕುವಿಗೆ ನವಿಲುಬಣ್ಣ

ಚೆನ್ನಾಗಿರುವ ವಸ್ತುವನ್ನು ಅದರ ಪಾಡಿಗೆ ಬಿಡುವ ಗುಣವನ್ನು ದೇವರು ನನಗೆ ಕೊಡಲಿಲ್ಲ. ಕೆಟ್ಟದ್ದನ್ನು ರಿಪೇರಿ ಮಾಡುವವರು ಊರಿಗೆ ಹತ್ತು ಜನ ಸಿಗುತ್ತಾರೆ. ನೆಟ್ಟಗಿರುವುದನ್ನು ರಿಪೇರಿ ಮಾಡುವವನು ನಮ್ಮ ಬೀದಿಗೆ ನಾನೊಬ್ಬನೇ. ಮದುವೆಯಲ್ಲಿ ಮಾವನವರು ಕೊಟ್ಟ ಕಬ್ಬಿಣದ ಬೀರು ಬೂದುಬಣ್ಣದಲ್ಲಿ ಗೌರವವಾಗಿ ನಿಂತಿತ್ತು. ಅದು ತೇಗದ ಮರದ ಹಾಗೆ ಕಾಣಲಿ ಎಂದು ಎರಡು ಡಬ್ಬಿ ಬಣ್ಣ ಬಳಿದು, ಹಳೆಯ ಬಾಚಣಿಗೆಯಿಂದ ಗೆರೆ ಎಳೆದೆ. ಮಾರನೆಯ ವಾರ ಬಂದ ನೆಂಟರೊಬ್ಬರು, "ಇದೇನ್ ಮೇಷ್ಟ್ರೇ, ಬೀರುಗೆ ಗಜಕರ್ಣ ಹತ್ಕಂಡದಾ?" ಎಂದು ಕೇಳಿದರು. ಅಂದಿನಿಂದ ನನ್ನ ಹೆಂಡತಿ ಸುಶೀಲ ಅದಕ್ಕೊಂದು ಹಳೇ ಸೀರೆ ಹೊದಿಸಿಟ್ಟಿದ್ದಾಳೆ. ನಾನು ಹುಣಸೂರಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಸುಶೀಲಳ ತಮ್ಮ ಮಾದೇಶ ಬೀಚನಹಳ್ಳಿ ಹತ್ತಿರದ ರೆಸಾರ್ಟಿನಲ್ಲಿ ಜೀಪು ಓಡಿಸುತ್ತಿದ್ದ. ಆನೆ ಹಿಂಡು ತೋರಿಸಿದ ಖುಷಿಗೆ ಯಾರೋ ಪರದೇಶದವರು ಅವನಿಗೊಂದು ಮಡಿಚುವ ಚಾಕು ಕೊಟ್ಟುಹೋಗಿದ್ದರು. ಅದನ್ನು ತಂದು ನಮ್ಮ ಮನೆಯ ನೆಲದ ಮೇಲಿಟ್ಟ. ನಮ್ಮ ಕಡೆ ಚಾಕು, ಮೆಣಸಿನಕಾಯಿಗಳನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳ ಖಂಡಿತ. "ಇದ್ರ ಹಿಡಿ ಟೈಟಾನಿಯಂ ಅಂತೆ ಕಣ್ ಭಾವ. ಮೊನ್ನೆ ಅಗ್ಗ ಕುಯ್ಯಕ್ಕೋಗಿ ಬೆಳ್ಳು ಕುಯ್ಕೊಂಡೆ. ನೀವೇ ಮಡಿಕ್ಕಳಿ" ಎಂದ. ನಾನು ಬಗ್ಗಿ ಎತ್ತಿಕೊಂಡೆ. ಹಕ್ಕಿಗರಿಯಷ್ಟು ಹಗುರ. ಬೂದುಬಣ್ಣದ ಹಿಡಿ ಅಂಗೈಯಲ್ಲಿ ತಣ್ಣಗೆ ಕೂತಿತು. ಆ ಚಾಕುವಿಗೆ ಏನೂ ಕೊರತೆಯಿರಲಿಲ್ಲ, ಹಾಗಾಗಿ ನನಗೆ ಕೈ ಕಡಿಯತೊಡಗಿತು.

ಹುಣಸೂರಿಗೆ ಆಗಷ್ಟೇ ಬ್ರೌಸಿಂಗ್ ಸೆಂಟರ್ ಬಂದಿತ್ತು. ಅರ್ಧ ಗಂಟೆ ಕೂತು ಓದಿದಾಗ ಗೊತ್ತಾಯಿತು: ಟೈಟಾನಿಯಂ ಕಾಯಿಸಿದರೆ ಮೊದಲು ಒಣಹುಲ್ಲಿನ ಹಳದಿ, ಆಮೇಲೆ ನೇರಳೆ, ಆಮೇಲೆ ನವಿಲಿನ ಕತ್ತಿನ ನೀಲಿ ಬರುತ್ತದೆ. ಹದ ಮೀರಿದರೆ ಮತ್ತೆ ಮಸುಕು. ಬಣ್ಣ ಬಳಿಯುವ ಕೆಲಸವೇ ಇಲ್ಲ, ಬೆಂಕಿಯೇ ಬಣ್ಣ! ಎರಡು ಎಚ್ಚರಿಕೆಗಳಿದ್ದವು. ಹಿಡಿಯ ಹಲಗೆಗಳನ್ನು ಅಲಗಿನಿಂದ ಬಿಚ್ಚಿಯೇ ಕಾಯಿಸಬೇಕು; ಮತ್ತು ಒರೆಸಿದ ಮೇಲೆ ಬರಿಗೈಯಲ್ಲಿ ಮುಟ್ಟಬಾರದು, ಬೆರಳಿನ ಜಿಡ್ಡು ಬಣ್ಣದೊಳಗೆ ಕೂತುಬಿಡುತ್ತದೆ. ತಿರುಪುಗಳ ತಲೆ ನಕ್ಷತ್ರದ ಆಕಾರದಲ್ಲಿತ್ತು. ಅದಕ್ಕೆ ಹೊಂದುವ ಸ್ಕ್ರೂಡ್ರೈವರ್ ಇಡೀ ತಾಲ್ಲೂಕಿನಲ್ಲಿ ಸಿಗಲಿಲ್ಲ. ಕೊನೆಗೆ ವಾಚ್ ರಿಪೇರಿಯವರು ಕೊಡೆಯ ಕಡ್ಡಿಯನ್ನು ಅರದಿಂದ ಉಜ್ಜಿ ಒಂದನ್ನು ಮಾಡಿಕೊಟ್ಟರು. ಹಲಗೆಗಳನ್ನು ಬಿಚ್ಚಿ ಮನೆಯ ಗ್ಯಾಸ್ ಒಲೆಯ ಮೇಲಿಟ್ಟೆ. ಹಳದಿ ಇಣುಕುವಷ್ಟರಲ್ಲಿ ಸುಶೀಲ ಬಂದು ಒಲೆ ಆರಿಸಿದಳು. "ಸಿಲಿಂಡರ್ ಬುಕ್ ಮಾಡಿ ತಿಂಗಳಾಯ್ತು ಕಣ್ರೀ. ಅನ್ನ ಬೇಯಿಸ್ಲೋ ನಿಮ್ ಚಾಕು ಬೇಯಿಸ್ಲೋ?" ಎಂದಳು.

ಆಗ ನನಗೆ ಮಾವನವರ ಬ್ಯಾರನ್ ನೆನಪಾಯಿತು. ಮಾವ ಚಿಕ್ಕೇಗೌಡರದು ಗುರುಪುರದ ಆಚೆಯ ಹಳ್ಳಿ, ಹೊಗೆಸೊಪ್ಪಿನ ಬೇಸಾಯ. ಬ್ಯಾರನ್ ಎಂದರೆ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ತೂಗುಹಾಕಿ, ಹೊರಗಿನ ಒಲೆಯಿಂದ ಕೊಳವೆಗಳಲ್ಲಿ ಬಿಸಿ ಹಾಯಿಸಿ ಹದ ಮಾಡುವ ಎತ್ತರದ ಮನೆ. ಹಸಿರು ಎಲೆ ನಿಂಬೆಹಣ್ಣಿನ ಹಳದಿಗೆ ತಿರುಗುವ ತನಕ ಬಿಸಿ ಏರಕೂಡದು. ಏರಿದರೆ ಎಲೆ ಹಸಿರಾಗಿಯೇ ಒಣಗಿಹೋಗುತ್ತದೆ. ಈ ಹದದಲ್ಲಿ ಮಾವನವರನ್ನು ಮೀರಿಸಿದವರಿರಲಿಲ್ಲ. ಹರಾಜಿನ ಕಟ್ಟೆಯಲ್ಲಿ ಅವರ ಸೊಪ್ಪಿನ ಬೇಲು ಬಿಚ್ಚಿದರೆ ಅಕ್ಕಪಕ್ಕದವರು ಬಂದು ಬಣ್ಣ ನೋಡಿಹೋಗುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕಾಗದಪತ್ರಕ್ಕೆಲ್ಲ ಹೆಬ್ಬೆಟ್ಟು ಒತ್ತುತ್ತಿದ್ದರು. ಮದುವೆಯಾದ ಮೊದಲ ವರ್ಷ ನಾನೇ ಸ್ಲೇಟು ಕೊಟ್ಟು ಸಹಿ ಹಾಕುವುದನ್ನು ಕಲಿಸಿದೆ. ಕಲಿಸಿದ್ದು ಒಂದು ವಾರ, ಅದನ್ನು ಹೇಳಿಕೊಂಡದ್ದು ಹತ್ತು ವರ್ಷ. ಯಾವ ಮದುವೆಮನೆಯಲ್ಲೂ ಎರಡನೆಯ ಪಂಕ್ತಿ ಏಳುವುದರೊಳಗೆ, ಅವರ ಎದುರಿಗೇ ಆ ಕಥೆಯನ್ನು ಹೇಳಿ ಮುಗಿಸುತ್ತಿದ್ದೆ. ಅವರು ಎಲೆಯಡಿಕೆ ಮೆಲ್ಲುತ್ತ ಸುಮ್ಮನೆ ನಗುತ್ತಿದ್ದರು.

ಆಗಸ್ಟಿನ ಒಂದು ಭಾನುವಾರ ಹಿಡಿಯ ಎರಡು ಹಲಗೆ, ಶಾಲೆಯ ಲ್ಯಾಬಿನ ಸ್ಪಿರಿಟ್ಟು, ಒಂದು ಇಕ್ಕಳ ಚೀಲಕ್ಕೆ ಹಾಕಿಕೊಂಡು ಹಳ್ಳಿಗೆ ಹೋದೆ. ಬ್ಯಾರನ್ನಿಗೆ ಸೊಪ್ಪು ತುಂಬಿ ಎರಡನೆಯ ದಿನ. ಮಧ್ಯಾಹ್ನ ಮಾವನವರು ಟವಲು ಕೊಡವಿ ಎದ್ದರು. "ಅಳಿಮಯ್ಯ, ಒಂದಿಷ್ಟು ಉಂಡು ಅಡ್ಡಾಗಿ ಬತ್ತೀನಿ. ಎಲೆ ಇನ್ನೂವೇ ಬಣ್ಣಕ್ಕೆ ತಿರುಗ್ತಾ ಅದೆ. ಥರ್ಮಾಮೀಟ್ರು ನೂರು ದಾಟ್‌ಬಾರ್ದು. ಒಲೆಗೆ ಒಂದೊಂದೇ ಸೌದೆ ಆಕಿ, ಸಾಕು" ಎಂದರು. "ನೀವು ಹೋಗಿ ಮಾವ, ಉಷ್ಣತೆ ಪಾಠ ಮಾಡೋನೇ ನಾನು" ಎಂದೆ.

ಅವರ ಬೆನ್ನು ಮರೆಯಾದದ್ದೇ ತಡ, ಹಲಗೆಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಮೊದಲನೆಯದನ್ನು ಒಂದು ತಗಡಿನ ಮೇಲಿಟ್ಟು ಒಲೆಯ ಬಾಯಿಗೆ ತಳ್ಳಿದೆ. ಹಳದಿ ಬಂತು. ನೇರಳೆ ಬರಲಿಲ್ಲ. ಒಂದು ಸೌದೆ ಹಾಕಿದೆ. ಇನ್ನೆರಡು ಹಾಕಿದೆ. ಕೆಂಡ ಧಗಧಗಿಸಿ ನೇರಳೆ ಬಂದಾಗ ನನ್ನ ಆಸೆಯೂ ಹತ್ತಿಕೊಂಡಿತು. ಆಮೇಲೆ ಹಾಕಿದ ಸೌದೆ ಎಣಿಸಲಿಲ್ಲ. ಮೊದಲನೆಯ ಹಲಗೆ ನವಿಲಿನ ಕತ್ತಾಯಿತು! ಅದನ್ನು ತಗಡಿನ ಸಮೇತ ಹೊರಗೆಳೆದು ಆರಲು ಬಿಟ್ಟು ಬಿಸಿಲಿಗೆ ಹಿಡಿದೆ, ನೆರಳಿಗೆ ಹಿಡಿದೆ, ಎಡಗಡೆಯಿಂದ ನೋಡಿದೆ, ಬಲಗಡೆಯಿಂದ ನೋಡಿದೆ. ಎರಡನೆಯದನ್ನು ತಗಡಿನ ಮೇಲಿಡುವಾಗ ಅದು ಸೊಟ್ಟಗೆ ಕೂತಿತು. ಅಷ್ಟೇ ತಾನೇ ಎಂದು ಬೆರಳಿನಿಂದ ಒತ್ತಿ ಸರಿಮಾಡಿದೆ. ಅದಕ್ಕೂ ನೀಲಿ ಏರಿದ ಮೇಲೆ, ಗೋಡೆಯ ಕಿಂಡಿಯ ಗಾಜಿನಲ್ಲಿ ಥರ್ಮಾಮೀಟರ್ ನೋಡುವ ನೆನಪಾಯಿತು. ನೂರಿಪ್ಪತ್ತೆಂಟು ಡಿಗ್ರಿ ಫ್ಯಾರನ್‌ಹೀಟ್. ಉರಿಯುವ ಸೌದೆಗಳನ್ನು ಎಳೆದುಹಾಕಿ ನೀರು ಚಿಮುಕಿಸಿ, ಬೂದಿ ಮುಚ್ಚಿ, ಮುಖ ತೊಳೆದುಕೊಂಡು ಕೂತೆ. ಮಾವನವರು ಬಂದವರೇ ಮೂಗು ಅರಳಿಸಿ, "ಬಿಸಿ ಜಾಸ್ತಿ ಆದಂಗದಲ್ಲಾ?" ಎಂದರು. "ನಾನು ಒಂದೊಂದೇ ಸೌದೆ ಹಾಕಿದ್ದು ಮಾವ" ಎಂದುಬಿಟ್ಟೆ. ಅದು ಸುಳ್ಳೂ ಅಲ್ಲ. ಕೈಗೆ ಒಂದೊಂದೇ ಬರುತ್ತಿತ್ತು.

ಆ ವಾರದ ಕೊನೆಗೆ ಬ್ಯಾರನ್ ಬಿಚ್ಚಿದಾಗ ಎಲೆ ಹಸಿರಾಗಿಯೇ ಒಣಗಿತ್ತು. ಈ ಸುದ್ದಿಯನ್ನು ಅವರೇ ಹುಣಸೂರಿಗೆ ಬಂದು, ನಮ್ಮ ಹಜಾರದಲ್ಲಿ ಕೂತು ಮಗಳಿಗೆ ಹೇಳಿದರು. ಸೊಪ್ಪು ಹೋದದ್ದಕ್ಕೆ ಅವರು ಅಷ್ಟು ನೊಂದಿರಲಿಲ್ಲ. "ಊರ್ನಲ್ಲಿ ಎಲ್ಲಾ ಅಂತಾವ್ರೆ ಕಣವ್ವಾ, ಗೌಡಂಗೆ ವಯಸ್ಸಾಯ್ತು, ಬಲಿತ ಎಲೆ ಯಾವ್ದು ಎಳೇದ್ಯಾವ್ದು ಅನ್ನೋದು ಕಾಣಾಕಿಲ್ಲ ಅಂತ. ನಂಗೂ ಅಂಗೇ ಅನ್ನಿಸ್ತದೆ. ಮುಂದಿನ ವರ್ಸದಿಂದ ಬ್ಯಾರನ್ನು ಯಾರ್ಗಾರ ವಹಿಸ್ಬುಡವಾ ಅಂತಿವ್ನಿ" ಎಂದು ತಮ್ಮ ಎರಡೂ ಅಂಗೈಗಳನ್ನು ನೋಡಿಕೊಂಡರು. ಹೇಳಬೇಕೆಂದು ಬಾಯಿ ತೆರೆದೆ. ತೆರೆದ ಬಾಯಿಂದ ಬಂದ ಮಾತು, "ಮಾವ, ಕಾಫಿ?"

ಚಾಕು ಟೀಪಾಯಿಯ ಮೇಲೆಯೇ ಇತ್ತು. ಬಂದವರಿಗೆಲ್ಲ ಕಾಣಲಿ ಎಂದು, ಹಲಗೆಗಳನ್ನು ಮತ್ತೆ ಕೂಡಿಸಿ ನಾನೇ ಇಟ್ಟಿದ್ದೆ. ಮಾವನವರು ಕಾಫಿಲೋಟ ಇಡಲು ಹೋಗಿ ಅದನ್ನು ಕೈಗೆತ್ತಿಕೊಂಡರು. ಬೆಂಕಿಯಲ್ಲಿ ಬಣ್ಣ ಬರಿಸುವುದೇ ಕಸುಬಾದವರಿಗೆ ಆ ನೀಲಿಯ ಅರ್ಥ ಹೇಳಿಕೊಡಬೇಕಾಗಿರಲಿಲ್ಲ. "ಇದ್ನ ಎಲ್ಲಿ ಕಾಯ್ಸುದ್ರಿ ಅಳಿಮಯ್ಯ?" ಎಂದರು. ಅವರು ಚಾಕುವನ್ನು ಮಗುಚಿದರು. ಹಿಂದಿನ ಹಲಗೆಯ ನಟ್ಟನಡುವೆ, ನೀಲಿಯ ಒಳಗೆ ಕಂದುಬಣ್ಣದಲ್ಲಿ, ಒಂದು ಗೆರೆಯೂ ಅಳಿಸದಂತೆ ಮೂಡಿ ನಿಂತಿತ್ತು ನನ್ನ ಹೆಬ್ಬೆಟ್ಟು. ಅವರು ಅದನ್ನೊಮ್ಮೆ ನೋಡಿದರು, ನನ್ನ ಕೈಯನ್ನೊಮ್ಮೆ ನೋಡಿದರು.

"ಒಲೆಗೆ ಎಷ್ಟು ಸೌದೆ ಆಕುದ್ರಿ?"

"ಇದ್ದದ್ದೆಲ್ಲಾ, ಮಾವ" ಎಂದೆ.

ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಅವರ ಮುಖವೋ ಹಳದಿ ತಿರುಗಿದ ಎಲೆಯ ಹಾಗೆ ಬೆಳಗುತ್ತಿತ್ತು. "ಅಂಗಾರೆ ಎಲೆ ಹದವಾಗೇ ಇತ್ತು ಬುಡಿ! ಕೇಳ್ದೇನವ್ವಾ, ನಿಮ್ಮಪ್ಪನ ಕಣ್ಣು ನೆಟ್ಟಗೇ ಅದೆ!" ಎಂದು ತೊಡೆ ತಟ್ಟಿ ಎದ್ದರು. ಸುಶೀಲ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ಮಾವನವರು ಚಾಕು ಮಡಿಚಿ ನೆಲದ ಮೇಲಿಟ್ಟರು. ಜಗಳ ಅವರಿಗೆ ಬೇಕಾಗಿರಲಿಲ್ಲ. ನಾನು ಎಂದಿಗಿಂತ ಸ್ವಲ್ಪ ಹೆಚ್ಚಾಗಿಯೇ ಬಗ್ಗಿ ಎತ್ತಿಕೊಂಡೆ.

ಆಮೇಲೆ ಮದುವೆಮನೆಗಳಲ್ಲಿ ಸಹಿಯ ಕಥೆ ಹೇಳುವುದನ್ನು ನಾನು ನಿಲ್ಲಿಸಿದೆ. ಮಾವನವರು ನಿಲ್ಲಿಸಲು ಬಿಡಲಿಲ್ಲ. "ನಂಗೆ ಸೈನ್ ಮಾಡಾದ್ ಕಲಿಸ್ದೋರು ನಮ್ಮ ಅಳಿಮಯ್ಯನೇ ಕಣ್ರಪ್ಪಾ" ಎಂದು ತುಂಬಿದ ಚಪ್ಪರದಲ್ಲಿ ತಾವೇ ಶುರುಮಾಡುತ್ತಿದ್ದರು. ಜನ ಮೆಚ್ಚಿ ನನ್ನ ಕಡೆ ತಿರುಗುವಷ್ಟರಲ್ಲಿ, "ಎಲ್ಲಿ ಅಳಿಮಯ್ಯ, ಆ ಚಾಕು ವಸಿ ತೋರ್ಸಿ" ಎನ್ನುತ್ತಿದ್ದರು. ನಾನು ಜೇಬಿನಿಂದ ತೆಗೆದು, ಹೆಬ್ಬೆಟ್ಟು ಮೇಲೆ ಬರುವಂತೆ ನೆಲದ ಮೇಲಿಡುತ್ತಿದ್ದೆ.