ಹಸಿರು ಜೀವಿ ಓಡುವುದೇಕೆ?

ಅವತ್ತಿನ ರಗಳೆಗೆಲ್ಲ ಮೂಲ ರಬ್ಬರಣ್ಣನ ಎಡಮಂಡಿ. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗಲೇ ಅದು ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರುಗುಟ್ಟಿತ್ತು.

ರಬ್ಬರಣ್ಣ ಎಂಬುದು ಸಿನಿಮಾದವರು ಇಟ್ಟ ಹೆಸರು. ಕರಡಿ, ಮೊಸಳೆ, ಭೂತ, ಯಾವುದಿದ್ದರೂ ರಬ್ಬರಿನ ದಿರಿಸಿನೊಳಗೆ ಇರುವವನು ಅವನೇ. ಹಾಗೆ ಒಳಗಿದ್ದುಕೊಂಡೇ ತಲೆ ನರೆತಿತ್ತು. ಈಗಿನ ಚಿತ್ರದಲ್ಲಿ ಅವನು ಬೇರೆ ಗ್ರಹದಿಂದ ಬಂದ ಹಸಿರು ಜೀವಿ. ಹೀರೋ ಬಂದೂಕು ಹಿಡಿದು ಅಟ್ಟಿಸಿಕೊಂಡು ಬರುತ್ತಾನೆ, ಹಸಿರು ಜೀವಿ ಓಡುತ್ತದೆ. ಇಷ್ಟೇ ಪಾತ್ರ. ಗುಡ್ಡ, ಗುಹೆ, ಆಕಾಶನೌಕೆ ಎಲ್ಲದರಲ್ಲೂ ಓಡಿಯಾಗಿತ್ತು. ಉಳಿದದ್ದು ಕೊನೆಯ ದೃಶ್ಯದ ಓಟವೊಂದೇ.

"ಮಂಡಿ ನೋವು ಅಂತ ಹೇಳ್ಬಿಡಿ ಅಣ್ಣ, ಬಾಯಿಲ್ವಾ?" ಬೆನ್ನಿನ ಜಿಪ್ ಎಳೆಯುತ್ತ ಮೇಕಪ್ ಅಕ್ಕ ಗದರಿದಳು.

"ಹೇಳಿದ್ರೆ ನಾಳೆಯಿಂದ ಈ ದಿರಿಸಿನೊಳಗೆ ಬೇರೆಯವನಿರ್ತಾನೆ ಕಣಮ್ಮ. ಮುಖ ಕಾಣದ ಕೆಲಸಕ್ಕೆ ಗಟ್ಟಿ ಮಂಡಿಯವರು ಬೇಕಾದಷ್ಟು ಸಿಕ್ತಾರೆ."

ಅದಕ್ಕೇ ಅವನು ಬಳಸುದಾರಿ ಹಿಡಿದ. ಚಹಾ ಹೀರುತ್ತಿದ್ದ ನಿರ್ದೇಶಕನ ಹತ್ತಿರ ಹೋಗಿ ಮೆಲ್ಲಗೆ ಕೇಳಿದ: "ಸಾರ್, ಒಂದು ಸಣ್ಣ ಅನುಮಾನ. ನಾನು ಯಾಕೆ ಓಡ್ಬೇಕು?"

'ಓಡೋದು ಬೇಡ ಬಿಡಿ, ಅಲ್ಲೇ ನಿಂತ್ಕೊಳ್ಳಿ' ಎಂಬ ಉತ್ತರ ಬರಲೆಂದು ಅವನ ಆಸೆ. ಆದರೆ ನಿರ್ದೇಶಕನ ಕೈಯ ಲೋಟ ಗಾಳಿಯಲ್ಲೇ ನಿಂತಿತು.

"ಯಾಕೆ ಓಡ್ಬೇಕು... ಅಯ್ಯೋ! ಕ್ಯಾಮೆರಾ ನಿಲ್ಸ್ರೋ! ಲೈಟ್ ಆರ್ಸ್ರೋ! ಇಷ್ಟು ದಿನ ನಮ್ಮಲ್ಲಿ ಒಬ್ಬನಾದ್ರೂ ಇದನ್ನ ಕೇಳಿದ್ನಾ? ಅಷ್ಟು ದೂರದಿಂದ ಬಂದಿರೋ ಜೀವಿಗೆ ಒಂದು ಕಾರಣ ಬೇಡ್ವಾ? ಒಂದು ಬೆಳವಣಿಗೆ ಬೇಡ್ವಾ?"

"ಬೇಡ ಸಾರ್, ಸುಮ್ನೆ ಕೇಳ್ದೆ."

"ಸುಮ್ನೆ ಕೇಳೋ ಪ್ರಶ್ನೆ ಅಲ್ಲ ಇದು!"

ಪ್ಲೈವುಡ್ಡಿನ ಆಕಾಶನೌಕೆಯೊಳಗೆ ಕುರ್ಚಿಗಳು ಬಂದವು. ಎಲ್ಲರೂ ಕೂತರು, ರಬ್ಬರಣ್ಣನನ್ನು ಬಿಟ್ಟು. ದಿರಿಸಿಗೆ ಬಾಲವಿತ್ತು. ಕೂತರೆ ಅದು ಮುರಿಯುತ್ತಿತ್ತು.

"ಹೆಂಡತಿ ಕಾಟ ತಡೀಲಾರ್ದೆ ಗ್ರಹ ಬಿಟ್ಟು ಬಂದಿರ್ತಾನೆ," ಎಂದ ಸಂಭಾಷಣೆ ಬರೆಯುವವ.

"ಅದು ನಿಮ್ಮ ಮನೆ ಕತೆ," ಎಂದಳು ಮೇಕಪ್ ಅಕ್ಕ. "ಮಗು ಕಳ್ಕೊಂಡಿರ್ತಾನೆ ಅಂತ ಮಾಡಿ, ಕರುಳು ಚುರುಕ್ ಅನ್ನುತ್ತೆ."

ಏಣಿಯ ತುದಿಯಿಂದ ಲೈಟಿನವನು ಕೂಗಿದ: "ತಾಯಿ ಇಡಿ ಸಾರ್! ತಾಯಿ ಇಟ್ರೆ ಯಾವ ಗ್ರಹದಲ್ಲಾದ್ರೂ ಓಡುತ್ತೆ!"

ಮಧ್ಯಾಹ್ನ ಕಳೆಯುವಷ್ಟರಲ್ಲಿ ಹಸಿರು ಜೀವಿಗೆ ತಾಯಿ ಹುಟ್ಟಿ, ಸತ್ತು, ಮಗು ಕಳೆದುಹೋಗಿ, ಉರಿಯುವ ಗ್ರಹದಿಂದ ತಾನೊಬ್ಬನೇ ತಪ್ಪಿಸಿಕೊಂಡು ಬಂದ ಪಾಪಪ್ರಜ್ಞೆಯೂ ಅಂಟಿಕೊಂಡಿತ್ತು. ನಿಂತೇ ಇದ್ದ ರಬ್ಬರಣ್ಣನ ಮಂಡಿ ಮಾತ್ರ ರಬ್ಬರಿನೊಳಗೆ ಕುಂಬಳಕಾಯಿಯಂತೆ ಊದಿಕೊಳ್ಳುತ್ತಿತ್ತು.

ನಿರ್ದೇಶಕ ಕುರ್ಚಿಯಿಂದ ಜಿಗಿದೆದ್ದ. "ಬಂತು! ಇಲ್ಲೀವರೆಗೂ ಹೇಡಿ. ಕೊನೇಲಿ ಧೀರ! ಅವನು ಇನ್ನು ಓಡಲ್ಲ!"

"ಓಡಲ್ಲ ಅಲ್ವಾ ಸಾರ್?" ರಬ್ಬರಣ್ಣ ಮುಂದೆ ಬಂದು ಕೇಳಿದ.

"ಖಂಡಿತ ಓಡಲ್ಲ. ನಿಲ್ತಾನೆ. ಆ ಹಸಿರು ತಲೆ ಕಳಚ್ತಾನೆ, ಒಳಗೆ ನಮ್ಮಂಥದ್ದೇ ಮುಖ! ಅಳ್ತಾನೆ."

ಮುಖ! ಅವನ ಮುಖ, ಪರದೆಯ ಮೇಲೆ! ರಬ್ಬರಣ್ಣ ಮಂಡಿಯನ್ನೇ ಮರೆತ. ಮೂಲೆಗೆ ಹೋಗಿ, ತಲೆ ಕಳಚಿ, ಆಕಾಶನೌಕೆಯ ತಗಡಿನಲ್ಲಿ ನೋಡಿಕೊಂಡು ಎರಡು ಮೂರು ಥರ ಅತ್ತ. ಎರಡನೆಯದು ಅವನಿಗೇ ಇಷ್ಟವಾಯಿತು.

ಅಷ್ಟರಲ್ಲಿ ನಿದ್ದೆ ಮುಗಿಸಿಕೊಂಡು ಹೀರೋ ಬಂದ. ಕತೆ ಕೇಳಿ ತಲೆದೂಗಿದ. "ಮುಖ ಕಾಣಿಸುತ್ತೆ ಅಂದ್ಮೇಲೆ ನನ್ನ ಬಾಮೈದ ಇದಾನಲ್ಲ. ಮನೇಲಿ ಕೂತು ಅಳ್ತಾನೇ ಇದಾನೆ, ಇಲ್ಲಿ ಬಂದು ಅಳ್ಲಿ."

ಯಾರೂ ಎದುರಾಡಲಿಲ್ಲ. ಮುಖ ಹೋದರೆ ಹೋಗಲಿ, ಮಂಡಿ ಉಳಿಯಿತಲ್ಲ ಎಂದು ರಬ್ಬರಣ್ಣ ಬೆನ್ನಿನ ಜಿಪ್ಪಿಗೆ ಕೈ ಹಾಕಿದ.

"ಆದ್ರೆ ಒಂದು," ಎಂದ ಹೀರೋ. "ಧೀರ ಆದವನು ಬರೀ ಅಳ್ತಾ ನಿಂತ್ರೆ ಹೆಂಗೆ? ಗಾಯ ಆಗಿರೋ ನನ್ನನ್ನ ಹೆಗಲ ಮೇಲೆ ಹೊತ್ಕೊಂಡು ಬೆಂಕಿಯಿಂದ ಪಾರು ಮಾಡ್ಲಿ."

"ಆಹಾ! ಮುಂಚೆ ಜೀವಭಯಕ್ಕೆ ಓಡ್ತಿದ್ದ, ಈಗ ಪ್ರೀತಿಗೆ! ಬೆಳವಣಿಗೆ ಅಂದ್ರೆ ಇದು!" ನಿರ್ದೇಶಕ ಚಪ್ಪಾಳೆ ತಟ್ಟಿದ.

"ಅಂದ್ರೆ... ಓಡ್ತಾನೆ," ಎಂದ ರಬ್ಬರಣ್ಣ.

"ಹೂಂ ಮತ್ತೆ! ಅಳೋದು ಬಾಮೈದ, ಓಡೋದು ನೀವು. ತಲೆ ಹಾಕ್ಕೊಳ್ಳಿ."

ಹೀರೋ ನೋಡಲು ಸಪೂರ, ಹೊರಲು ಸಿಮೆಂಟು ಮೂಟೆ. ಹೆಗಲೇರಿದವನು ಆರಾಮಾಗಿ ಕಣ್ಣು ಮುಚ್ಚಿ ಗಾಯಗೊಂಡ. ರಬ್ಬರಣ್ಣ ಓಡಿದ. ಓಡಿದ ಅನ್ನುವುದು ಅವನ ಮೇಲಿನ ಗೌರವಕ್ಕೆ. ಎಡಗಾಲು ಹಿಂದೆ ಉಳಿಯುತ್ತಿತ್ತು, ಹೆಜ್ಜೆಗೊಂದು ನರಳಿಕೆ ರಬ್ಬರಿನೊಳಗಿಂದ ಬರುತ್ತಿತ್ತು. ಬೆಂಕಿ ದಾಟಿದ್ದೇ ಹೀರೋನನ್ನು ಇಳಿಸಿ, ಬಾಲ ಮುರಿದರೂ ಸರಿ ಎಂದು ನೆಲದ ಮೇಲೆ ಕೂತುಬಿಟ್ಟ.

ಇನ್ನು ಕೆಲಸ ಹೋಯಿತು, ಮನೆಗೆ ಹೋಗಿ ಕಾಲು ಚಾಚುವುದೇ ಎಂದುಕೊಂಡ ರಬ್ಬರಣ್ಣ.

ನಿರ್ದೇಶಕ ಕಣ್ಣೊರೆಸಿಕೊಳ್ಳುತ್ತ ಬಂದು ಅವನ ಮುಂದೆ ಕುಕ್ಕರುಗಾಲಲ್ಲಿ ಕೂತ.

"ರಬ್ಬರಣ್ಣ, ಆ ಕುಂಟು ಎಲ್ಲಿಂದ ತಂದ್ರಿ? ಆ ಒಂದು ಕಾಲಲ್ಲಿ ತಾಯಿ, ಮಗು, ಗ್ರಹ, ಎಲ್ಲಾ ಇತ್ತು! ಈ ಜೀವಿ ಮೊದಲಿಂದ ಹೀಗೇ ಓಡ್ಬೇಕಿತ್ತು. ಗುಡ್ಡದ ಓಟ, ಗುಹೆ ಓಟ, ಎಲ್ಲಾನೂ ನಾಳೆಯಿಂದ ಮತ್ತೆ ತೆಗೀತೀವಿ. ಇನ್ನೇನಾದ್ರೂ ಅನುಮಾನ ಇದ್ಯಾ?"

ಇಲ್ಲ ಇಲ್ಲ ಎಂದು ರಬ್ಬರಣ್ಣ ಒಳಗೇ ಜೋರಾಗಿ ತಲೆಯಲ್ಲಾಡಿಸಿದ. ಒಳಗೆಲ್ಲ ಬೆವರಿಗೆ ಜಾರುತ್ತಿದ್ದುದರಿಂದ ಮೇಲಿನ ಹಸಿರು ತಲೆ ಮಾತ್ರ ಅಲುಗಲಿಲ್ಲ.

"ಕೇಳಿ ಕೇಳಿ," ಎಂದ ನಿರ್ದೇಶಕ, ಕುರ್ಚಿ ತರಿಸುತ್ತ. "ಸಂಕೋಚ ಬೇಡ."