ಮುಂದೆ ಸೊನ್ನೆ, ಹಿಂದೆ ಪೂರ್ತಿ

ಎಲ್ಲ ರಗಳೆಗೂ ಕಾರಣ ಹುಣಿಸೆಬೀಜದಷ್ಟು ದಪ್ಪದ ಒಂದು ಗುಂಡಿ. ಹದಗಾರ ತನ್ನ ಹಳೆಯ ಕಾರಿಗೆ ಹೊಸ ಸ್ಟೀರಿಯೋ ಹಾಕಿಸಿ ಎರಡು ದಿನವಾಗಿತ್ತು. ಮುಂದಿನ ಬಾಗಿಲುಗಳಲ್ಲಿ ಎರಡು ಸ್ಪೀಕರು, ಹಿಂದಿನ ಸೀಟಿನಲ್ಲಿ ಕೂತವರ ಕಿವಿಯ ಹತ್ತಿರವೇ ಇನ್ನೆರಡು. ಫೋನಿನಲ್ಲಿದ್ದ ಹಾಡು ತಂತಿಯಿಲ್ಲದೆ ಬಂದು ನಾಲ್ಕರಲ್ಲೂ ಕೇಳಿಸುತ್ತಿತ್ತು. ಗುಂಡಿಯನ್ನು ಎಡಕ್ಕೆ ತಿರುಗಿಸಿದರೆ ಸದ್ದು ಮುಂದಕ್ಕೆ ಬರುತ್ತಿತ್ತು, ಬಲಕ್ಕೆ ತಿರುಗಿಸಿದರೆ ಹಿಂದಕ್ಕೆ ಹೋಗುತ್ತಿತ್ತು. ಎಲ್ಲಿ ನಿಲ್ಲಿಸಿದರೆ ಸರಿ ಎಂದು ಕೇಳಿದರೆ ಅಂಗಡಿಯವನು, "ನಿಮಗೆ ಹಿತ ಅನ್ನಿಸಿದ ಕಡೆ ಇಟ್ಕೊಳ್ಳಿ" ಎಂದುಬಿಟ್ಟಿದ್ದ.

ಅಂಥ ಅಡ್ಡಾದಿಡ್ಡಿ ಮಾತು ಹದಗಾರನಿಗೆ ಹಿಡಿಸುವುದಿಲ್ಲ. ಅವನು ಬಣ್ಣದ ಕಾರ್ಖಾನೆಯಲ್ಲಿ ಬಣ್ಣ ಬೆರೆಸುವವನು. ಬಿಳಿಗೆ ಎಷ್ಟು ಹನಿ ಕಪ್ಪು ಬಿದ್ದರೆ ಬೂದಿ, ಎಷ್ಟು ಬಿದ್ದರೆ ಮೋಡ ಎಂದು ಕಣ್ಣಲ್ಲೇ ಅಳೆಯುತ್ತಿದ್ದ. ಕಾಫಿಯ ಸಕ್ಕರೆ, ಫ್ಯಾನಿನ ವೇಗ, ಹೆಂಡತಿಯ ಸಿಟ್ಟು, ಎಲ್ಲಕ್ಕೂ ಒಂದು ಹದವಿದೆ, ಅದು ತನ್ನ ಕೈಯಲ್ಲಿದೆ ಎಂದು ಅವನ ನಂಬಿಕೆ. ಜೊತೆಯವರು ಆ ಹೆಸರಿಟ್ಟಿದ್ದು ತಮಾಷೆಗೆ. ಅವನು ಅದನ್ನು ಬಿರುದು ಎಂದುಕೊಂಡಿದ್ದ.

ಈ ಸಲವಂತೂ ಹದ ತಪ್ಪುವ ಹಾಗಿರಲಿಲ್ಲ. ಕಾರ್ಖಾನೆಯವರು ದೂರದ ಬಂದರಿನಲ್ಲಿ ಹೊಸ ಘಟಕ ತೆರೆಯುತ್ತಿದ್ದರು. ಅಲ್ಲಿಗೆ ಹದಗಾರ ಹೋಗಬೇಕು, ಇಲ್ಲವೇ ಸ್ಟೋರ್‌ಕೀಪರ್ ಹೋಗಬೇಕು. ಯಾರ ಹೆಸರು ಎಂಬುದನ್ನು ಮ್ಯಾನೇಜರು ಇವತ್ತು ಹೆಡ್ಡಾಫೀಸಿಗೆ ಹೋಗಿ ಹೇಳಬೇಕಿತ್ತು. ಹದಗಾರನ ಹೆಂಡತಿಗೆ ಬಂದರು ಎಂದರೆ ಪ್ರಾಣ, ಅವಳ ಅಕ್ಕ ಇರುವುದು ಅಲ್ಲೇ. ಹದಗಾರನಿಗೆ ಆ ಹೆಸರೇ ಬೇಡ, ಅಕ್ಕನ ಗಂಡ ಇರುವುದೂ ಅಲ್ಲೇ. ಆ ಷಡ್ಡಕ ಮಹಾಶಯ ಹಲ್ಲುಜ್ಜುವುದರಿಂದ ಹಿಡಿದು ದಿಂಬಿನ ಎತ್ತರದವರೆಗೆ ಎಲ್ಲದಕ್ಕೂ ಸಲಹೆ ಕೊಡುವವನು. ಅವನ ಮನೆಯಲ್ಲಿ ಎರಡು ದಿನ ಇದ್ದು ಬಂದರೆ ಹದಗಾರ ಒಂದು ಸುತ್ತು ಇಳಿದಿರುತ್ತಿದ್ದ.

"ಮ್ಯಾನೇಜರ ಕೈಕಾಲು ಹಿಡಿದಾದ್ರೂ ಬಂದರು ಕೇಳ್ತೀನಿ ಕಣೇ" ಎಂದು ಹೆಂಡತಿಗೆ ಮಾತು ಕೊಟ್ಟಿದ್ದ. ಮನಸ್ಸಿನಲ್ಲಿದ್ದ ಉಪಾಯ ಬೇರೆ. ಮ್ಯಾನೇಜರ ಕಾರು ಗ್ಯಾರೇಜು ಸೇರಿತ್ತು. "ನನ್ನ ಕಾರಲ್ಲೇ ಹೋಗೋಣ ಸಾರ್" ಎಂದು ತಾನೇ ಮುಂದೆ ಬಿದ್ದಿದ್ದ. ಒಂದೂವರೆ ಗಂಟೆಯ ದಾರಿ, ಅವರ ಮೆಚ್ಚಿನ ಹಳೆಯ ಹಾಡುಗಳು, ಇಳಿಯುವ ಹೊತ್ತಿಗೆ ಬೆಣ್ಣೆಯಾದ ಮನಸ್ಸು, ಆಗ ಮೆಲ್ಲಗೆ "ನನ್ನನ್ನ ಇಲ್ಲೇ ಉಳಿಸಿ" ಎಂದು ಒಂದೇ ಒಂದು ಮಾತು.

ಬೆಳಿಗ್ಗೆ ಏಳಕ್ಕೇ ಗೇಟಿನ ಮುಂದೆ ಕಾರು ನಿಲ್ಲಿಸಿ ಸದ್ದಿನ ಹದ ನೋಡಲು ಕೂತ. ಹಿಂದಿನ ಸೀಟಿಗೆ ಒಬ್ಬರು ಬೇಕಿತ್ತು. ಎದುರುಮನೆಯ ನಿವೃತ್ತ ಮೇಷ್ಟ್ರು ಕರೆಯದೆಯೇ ಬಂದು ಕೂತರು.

"ಏನೇನೂ ಸಾಲದಪ್ಪ. ಹಿಂದಕ್ಕೆ ಬಿಡು."

ಹದಗಾರ ತಿರುಗಿಸಿದ.

"ಇನ್ನೂ ಹಿಂದಕ್ಕೆ. ಧೈರ್ಯವಾಗಿ ಬಿಡಯ್ಯ ಹಿಂದಕ್ಕೆ."

ಮೂವತ್ತು ವರ್ಷ ಕೊನೆಯ ಬೆಂಚಿಗೆ ಮುಟ್ಟುವಂತೆ ಪಾಠ ಮಾಡಿದ ಗಂಟಲು ಅದು. ಬೀದಿಯಲ್ಲಿ ರಿವರ್ಸ್ ತೆಗೆಯುತ್ತಿದ್ದ ನೀರಿನ ಕ್ಯಾನಿನ ಟೆಂಪೋದವನು ತನಗೇ ಹೇಳಿದರು ಎಂದುಕೊಂಡು ಧೈರ್ಯವಾಗಿ ಹಿಂದಕ್ಕೆ ಬಂದ. ಮೇಷ್ಟ್ರ ಕಾಂಪೌಂಡಿನ ಮೇಲಿದ್ದ ಐದು ಹೂಕುಂಡಗಳು ಒಂದರ ಹಿಂದೊಂದು ನೆಲಕ್ಕಿಳಿದವು.

"ಅವರೇ ಬಾ ಅಂದ್ರಮ್ಮ, ನಂದೇನು ತಪ್ಪು" ಎಂದ ಟೆಂಪೋದವನು.

"ನಿಮಗ್ಯಾಕ್ರೀ ಬೇಕಿತ್ತು ಊರ ಉಸಾಬರಿ" ಎಂದರು ಮೇಷ್ಟ್ರ ಹೆಂಡತಿ. ಮೇಷ್ಟ್ರು ಹದಗಾರನತ್ತ ಬೆರಳು ತೋರಿಸಿದರು. ಕೊನೆಗೆ ಮಣ್ಣು ಗುಡಿಸಿದ್ದು ಹದಗಾರನೇ. ಪೊರಕೆ ಹಿಂತಿರುಗಿಸಿ ಹೊರಡುವಾಗ ಅರ್ಧ ಗಂಟೆ ತಡವಾಗಿತ್ತು.

"ರೀ, ಕೇಳೋದು ಮರೀಬೇಡಿ" ಎಂದಳು ಹೆಂಡತಿ, ಅವನ ಪ್ಯಾಂಟಿನ ಮಣ್ಣು ಕೊಡವುತ್ತ.

"ಅದೂ ಮರೆಯೋ ವಿಷಯಾನೇನೇ?" ಎಂದ. ಪಾಪ ಅನ್ನಿಸಿತು. ಆದರೆ ಷಡ್ಡಕನ ಮುಖ ನೆನಪಾಗಿ ಮನಸ್ಸು ಮತ್ತೆ ಗಟ್ಟಿಯಾಯಿತು.

ಮ್ಯಾನೇಜರು ಮನೆಯ ಮುಂದೆ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದರು. ಬಾಗಿಲು ದಡ್ಡನೆ ಎಳೆದುಕೊಂಡು ಹಿಂದೆ ಕೂತರು. ಹೆಡ್ಡಾಫೀಸಿನಲ್ಲಿ ತನಗೂ ಕೆಲಸವಿದೆ ಎಂದು ಅಲ್ಲೇ ಕಾದಿದ್ದ ಸ್ಟೋರ್‌ಕೀಪರ್, "ನಂಗೆ ಮಂಡಿ ಮಡಚೋಕಾಗಲ್ಲ" ಎಂದು ಮುಂದಿನ ಸೀಟು ಹಿಡಿದ. ಕೂತವನು ಕೈಕಟ್ಟಿ ಕೂರಬೇಕೇ? "ಇದೇನಿದು, ಇದೇನಿದು" ಎನ್ನುತ್ತ ಹೊಸ ಸ್ಟೀರಿಯೋದ ಮೈಮೇಲಿದ್ದ ಗುಂಡಿಗಳನ್ನೆಲ್ಲ ಒತ್ತಿದ, ತಿರುವಿದ. ಬೆಳಗಿನಿಂದ ಕಾಪಾಡಿಕೊಂಡು ಬಂದ ಹದ ಎತ್ತಲೋ ಹೋಯಿತು.

"ಏನ್ರೀ, ಹಾಡು ಪಕ್ಕದ ಮನೇಲಿ ಹಾಕಿದ ಹಾಗಿದೆ" ಎಂದರು ಮ್ಯಾನೇಜರು.

"ಒಂದೇ ನಿಮಿಷ ಸಾರ್." ಹದಗಾರ ಒಂದು ಕಣ್ಣು ರಸ್ತೆಯ ಮೇಲೆ, ಒಂದು ಕಣ್ಣು ಗುಂಡಿಯ ಮೇಲೆ ಇಟ್ಟ. ಎರಡೂ ಕಣ್ಣು ಬಯಸುವ ರಸ್ತೆದಿಬ್ಬವೊಂದು ಆಗಲೇ ಬಂತು. ಕಾರು ಹಾರಿತು. ಮ್ಯಾನೇಜರ ತಲೆ ಕಾರಿನ ಚಾವಣಿಗೆ ಹೋಗಿ ಬಡಿಯಿತು.

"ಪೆಟ್ಟಾಯ್ತಾ ಸಾರ್?"

"ಮುಂದೆ ನೋಡ್ಕೊಂಡು ಓಡಿಸ್ರೀ."

ಇನ್ನು ಅರೆಬರೆ ಕೆಲಸ ಬೇಡ ಎಂದು ಹದಗಾರ ರಸ್ತೆಯ ಬದಿಗೆ ಕಾರು ನಿಲ್ಲಿಸಿ, ಗುಂಡಿಯನ್ನು ಬಲಕ್ಕೆ ಕೊನೆಯವರೆಗೂ ತಿರುಗಿಸಿಬಿಟ್ಟ. ಮುಂದೆ ಸೊನ್ನೆ, ಹಿಂದೆ ಪೂರ್ತಿ. ಸದ್ದನ್ನು ಮಾತ್ರ ಮೆಲ್ಲಗಿಟ್ಟ. ಹಾಡೆಲ್ಲ ಮ್ಯಾನೇಜರ ಕಿವಿಗೆ ಮಾತ್ರ ಎಂಬಂತಾಯಿತು.

"ಹಾಂ, ಈಗ ಬಂತು ನೋಡಿ" ಎಂದರು ಅವರು, ನೆತ್ತಿ ಸವರಿಕೊಳ್ಳುತ್ತ.

ಮುಂದೆ ಸ್ಟೋರ್‌ಕೀಪರ್ ತನ್ನ ಕಿಡ್ನಿಯ ಕಲ್ಲಿನ ಕತೆ ತೆಗೆದ. ಗೋಡೌನಿನಲ್ಲಿ ಡ್ರಮ್ಮುಗಳ ಸದ್ದಿನ ಮೇಲೆ ಕೂಗಿ ಕೂಗಿ ಬೆಳೆದ ದನಿ. ಅವನು ಬಾಯಿ ತೆರೆದರೆ ಎಂಜಿನ್ ಓಡುತ್ತಿದೆಯೋ ಇಲ್ಲವೋ ಎಂದೇ ತಿಳಿಯುವಂತಿರಲಿಲ್ಲ. ಕಲ್ಲು ಎಲ್ಲಿ ಸಿಕ್ಕಿಕೊಂಡಿತ್ತು, ಡಾಕ್ಟರು ಏನಂದರು, ಅದಕ್ಕೆ ತಾನೇನಂದೆ ಎಂದು ಅವನು ಬಿಡಿಸಿ ಹೇಳುತ್ತಿದ್ದರೆ ಹದಗಾರ ಹೂಂ ಹೂಂ ಎನ್ನುತ್ತ ಕನ್ನಡಿಯಲ್ಲಿ ಹಿಂದೆ ನೋಡಿದ. ಮ್ಯಾನೇಜರು ಸ್ಪೀಕರಿನ ಕಡೆ ವಾಲಿಕೊಂಡಿದ್ದರು. ತುಟಿ ಅಲ್ಲಾಡುತ್ತಿತ್ತು. ಹಾಡಿನ ಜೊತೆ ತಾವೂ ಹಾಡುತ್ತಿದ್ದಾರೆ. ಸ್ವಲ್ಪ ಹೊತ್ತಿಗೆ ತಲೆದೂಗಿದರು, ನಕ್ಕರು. ಆಮೇಲೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಹದಗಾರನಿಗೆ ಎದೆ ತುಂಬಿ ಬಂತು. ಇದಪ್ಪ ಹದ ಎಂದರೆ.

ಹೆಡ್ಡಾಫೀಸಿನ ಮೆಟ್ಟಿಲ ಬಳಿ ಅವನು ಮ್ಯಾನೇಜರ ಬ್ಯಾಗು ಹಿಡಿದು ಹಿಂದೆಯೇ ಹೋದ. "ಸಾರ್, ಬಂದರಿನ ವಿಷಯ ಒಂದು ಮಾತು..."

ಮ್ಯಾನೇಜರು ಅವನ ಭುಜದ ಮೇಲೆ ಕೈಯಿಟ್ಟರು. "ಏನೂ ಹೇಳಬೇಡಿ. ನಿಮ್ಮ ಮನಸ್ಸು ನಂಗೆ ಗೊತ್ತಾಗಿದೆ."

ಒಂದು ಮಾತಿನ ಖರ್ಚೂ ಇಲ್ಲದೆ ಕೆಲಸವಾಯಿತು. ಹದಗಾರ ಕ್ಯಾಂಟೀನಿನಲ್ಲಿ ಕೂತು, "ಬಂದರಲ್ಲಿ ಗಾಳಿ ಚೆನ್ನಾಗಿರುತ್ತೆ ಬಿಡಿ. ನಿಮ್ಮ ಮಂಡಿಗೂ ಒಳ್ಳೇದು" ಎಂದು ಸ್ಟೋರ್‌ಕೀಪರನನ್ನು ಸಮಾಧಾನ ಮಾಡಿದ. ಅವನಿಗೆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಎರಡು ಗಂಟೆಯ ಮೇಲೆ ಮ್ಯಾನೇಜರು ಹೊರಗೆ ಬಂದವರೇ ಹದಗಾರನ ಕೈ ಹಿಡಿದು ಕುಲುಕಿದರು.

"ಬಂದರು ನಿಮಗೇ. ಮುಂದಿನ ತಿಂಗಳೇ ಹೊರಡಿ."

"ನಂಗಾ ಸಾರ್?" ಎಂದ ಹದಗಾರ.

"ದಾರೀಲಿ ಹಾಡು ನಿಂತು ನಿಮ್ಮ ಮನೆಯವರ ದನಿ ಬಂತು ಕಣ್ರೀ. ನಿಮ್ಮ ಮೆಷಿನ್ನು ಫೋನನ್ನ ತಾನೇ ಎತ್ಕೊಂಡುಬಿಡ್ತು. ನೇರ ನನ್ನ ಕಿವಿಗೇ. 'ಕೇಳಿದ್ರಾ, ಇಲ್ಲಾ ನಾಚ್ಕೊಂಡು ಕೂತಿದ್ದೀರಾ' ಅಂದ್ರು. 'ಅಮ್ಮಾ, ನಾನು ಮ್ಯಾನೇಜರು' ಅಂದೆ. ಪಾಪ, ಹೆದರಿದ್ರು. ಆಮೇಲೆ ಎಲ್ಲಾ ಹೇಳ್ಕೊಂಡ್ರು. ಅಕ್ಕನ್ನ ನೋಡದೆ ಎರಡು ವರ್ಷ ಆಯ್ತಂತೆ. ನೀವಂತೂ ಭಾವನ ಹೆಸರೆತ್ತಿದ್ರೆ ಮಾತೇ ಆಡಲ್ವಂತೆ, ಅಷ್ಟು ಗೌರವವಂತೆ."

"ಸಾರ್, ಅದು..."

"ಸ್ಟೋರ್‌ಕೀಪರ್ ಹೆಸರನ್ನ ನಿನ್ನೇನೇ ಬರೆದಿಟ್ಟಿದ್ದೆ. ಅದನ್ನ ಹೊಡೆದುಹಾಕಿ ನಿಮ್ಮದು ಹಾಕ್ಸಿದೆ. ನಿಮ್ಮ ಮನೆಯವರಿಗೂ ಈಗಷ್ಟೇ ಫೋನ್ ಮಾಡಿ ಹೇಳಿದೆ. ಅತ್ತುಬಿಟ್ಟರು ಕಣ್ರೀ."

ಸ್ಟೋರ್‌ಕೀಪರ್ ಇನ್ನೊಂದು ಕಾಫಿ ತರಿಸಿಕೊಂಡ. ಅದು ಸರಾಗವಾಗಿ ಇಳಿಯಿತು.

ವಾಪಸು ಹೊರಟಾಗ ಮ್ಯಾನೇಜರು ಹಿಂದಿನ ಸೀಟಿನಲ್ಲಿ ಕಾಲು ಚಾಚಿ, "ನಂಗೆ ಸ್ವಲ್ಪ ಕಣ್ಣು ಮುಚ್ಚಬೇಕು. ಸದ್ದೆಲ್ಲ ಮುಂದಕ್ಕೇ ತಗೊಳ್ಳಿ" ಎಂದರು. ಹದಗಾರ ಗುಂಡಿಯನ್ನು ಎಡಕ್ಕೆ ಕೊನೆಯವರೆಗೂ ತಿರುಗಿಸಿದ. ಎರಡು ಹಾಡು ಮುಗಿಯುವಷ್ಟರಲ್ಲಿ ಸ್ಪೀಕರು ಒಮ್ಮೆ ಕೆಮ್ಮಿತು.

"ಏನಪ್ಪಾ, ವಿಷಯ ಬಂತು" ಎಂದಿತು ಷಡ್ಡಕನ ದನಿ, ಎರಡೂ ಬಾಗಿಲುಗಳಿಂದ. "ನಮ್ಮನೆ ಮೇಲ್ಮಹಡಿ ಖಾಲಿ ಮಾಡಿಸ್ತಿದ್ದೀನಿ. ಬೇರೆ ಕಡೆ ಮನೆ ನೋಡೋ ಮಾತೇ ಇಲ್ಲ. ಅದಿರಲಿ, ಈಗ ಎಷ್ಟು ಸ್ಪೀಡಲ್ಲಿದ್ದೀಯ?"

ಹದಗಾರನ ಕೈ ಗುಂಡಿಯ ಕಡೆ ಹೋಯಿತು. ಕನ್ನಡಿಯಲ್ಲಿ ಮ್ಯಾನೇಜರು ಮಗುವಿನ ಹಾಗೆ ಮಲಗಿದ್ದರು. ಪಕ್ಕದಲ್ಲಿ ಸ್ಟೋರ್‌ಕೀಪರ್ ಅವತ್ತು ಮೊದಲ ಸಲ ಬಾಯಿ ಮುಚ್ಚಿಕೊಂಡು ಕಿವಿ ತೆರೆದಿದ್ದ.

"ಅರವತ್ತು, ಅಣ್ಣ" ಎಂದ ಹದಗಾರ, ಮೆಲ್ಲಗೆ.

"ಐವತ್ತಕ್ಕೆ ಇಳಿಸು. ಬೆನ್ನು ನೇರ ಮಾಡಿ ಕೂತ್ಕೋ."

ಹದಗಾರ ಬೆನ್ನು ನೇರ ಮಾಡಿ ಕೂತ. ಇನ್ನೂ ಒಂದೂಕಾಲು ಗಂಟೆಯ ದಾರಿಯಿತ್ತು.