ಹಳೇ ಪಾರ್ಟು ವಾಪಸ್ ಕೊಡಿ

ಅಂಗಡಿಯವನು ಹೇಳಿದ ಬೆಲೆಗೆ ತುಟಿಪಿಟಕ್ಕೆನ್ನದೆ ಸಾಮಾನು ಕೊಂಡು ಬರುವವರನ್ನು ಕಂಡರೆ ನನಗೆ ಮರುಕ. ನಾನು ಸೈಕಲ್ ಕ್ಯಾರಿಯರ್ ಮೇಲೆ ಸ್ಟೀಲ್ ಪಾತ್ರೆ ಕಟ್ಟಿಕೊಂಡು ಬೀದಿಬೀದಿ ಕೂಗಿ ಮಾರಿದವನು, ಆಮೇಲೆ ಕುವೆಂಪುನಗರದಲ್ಲಿ ಸ್ವಂತ ಪಾತ್ರೆ ಅಂಗಡಿ ಇಟ್ಟವನು. ಹಳೇ ತಪ್ಪಲೆ ತಂದರೆ ತೂಕ ಹಾಕಿ, ಹೊಸದರ ಬೆಲೆಯಲ್ಲಿ ಮುರಿದುಕೊಳ್ಳುವುದು ನನ್ನ ಕಸುಬು. ಹಾಗಾಗಿ ಹಳೇದು ಅಂದರೆ ಬೇಡದ್ದು ಎನ್ನುವ ಮಾತನ್ನು ನಾನು ಯಾವತ್ತೂ ಒಪ್ಪಿಲ್ಲ. ನಿಮಗೂ ಒಂದು ಬುದ್ಧಿಮಾತು ಪುಕ್ಕಟೆ ಹೇಳುತ್ತೇನೆ. ಗಾಡಿ ರಿಪೇರಿಗೆ ಬಿಟ್ಟರೆ, ಬಿಚ್ಚಿದ ಹಳೇ ಪಾರ್ಟನ್ನು ಕೇಳಿ ಇಸ್ಕೊಂಡೇ ಬನ್ನಿ. ಹೊಸದು ಹಾಕಿದ್ದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ಈ ಬುದ್ಧಿಮಾತಿನಿಂದ ನನಗೇನಾಯಿತು ಎಂಬುದನ್ನು ಹೇಳದಿದ್ದರೆ ತೂಕದಲ್ಲಿ ಮೋಸ ಮಾಡಿದಂತಾಗುತ್ತದೆ, ಅದನ್ನೂ ಕೇಳಿಬಿಡಿ.

ತೊಂಬತ್ತರ ದಶಕದಲ್ಲಿ ನನ್ನ ಹತ್ತಿರ ಒಂದು ವ್ಯಾನಿತ್ತು. ಹಳೇದೇ ಕೊಂಡಿದ್ದೆ. ಮಾರಿದವರ ಮನೆಗೆ ಏಳು ಸಲ ಹೋಗಿ, ಏಳು ಸಲ ಕಾಫಿ ಕುಡಿದು, ಕೊನೆಗೆ ಅವರ ಹೆಂಡತಿಯೇ ಒಳಗಿನಿಂದ, "ಕೊಟ್ಟು ಕಳಿಸ್ರೀ ಅತ್ಲಾಗೆ, ಕಾಫಿಪುಡಿ ಮುಗೀತಾ ಬಂತು" ಅಂದ ಮೇಲೆ ಕುದುರಿದ ವ್ಯಾಪಾರ ಅದು. ಮುಂದಿನ ಸೀಟು ಎತ್ತಿದರೆ ಅದರಡಿಯಲ್ಲೇ ಎಂಜಿನ್. ಹಿಂದೆಲ್ಲ ನನ್ನ ಪಾತ್ರೆಗಳು. ಅದರ ಆರೋಗ್ಯ ನೋಡಿಕೊಳ್ಳುತ್ತಿದ್ದವರು ಉದಯಗಿರಿಯ ಇಸ್ಮಾಯಿಲ್ ಭಾಯಿ. ಸೈಕಲ್ ಬಿಟ್ಟು ನಾನು ಮೊದಲ ಮೊಪೆಡ್ ಕೊಂಡಾಗಿನಿಂದ ನನ್ನ ಗಾಡಿಗಳಿಗೆ ಅವರ ಕೈಯೇ. ಅವರು ಒಂದು ರೇಟು ಹೇಳುವುದು, ನಾನು ಎದೆ ಹಿಡಿದುಕೊಳ್ಳುವುದು, ಅವರು ಚಹಾ ತರಿಸುವುದು, ಕೊನೆಗೆ ಇಬ್ಬರೂ ನಷ್ಟವಾದವರ ಮುಖ ಮಾಡಿಕೊಂಡು ಖುಷಿಯಾಗಿ ಎದ್ದು ಹೋಗುವುದು. ಹನ್ನೆರಡು ವರ್ಷದಿಂದ ಇದೇ ಸಂಪ್ರದಾಯ.

ಒಂದು ಸಲ ಸರ್ವಿಸ್‌ಗೆ ಬಿಟ್ಟಾಗ ಕ್ಲಚ್ ಪ್ಲೇಟು, ಪ್ಲಗ್ಗು, ಏರ್ ಫಿಲ್ಟರು ಎಲ್ಲ ಬದಲಾಯಿಸಿದರು. ಪದ್ಧತಿಯಂತೆ ಹಳೇದನ್ನೆಲ್ಲ ಕೇಳಿ, ರೆಕ್ಸಿನ್ ಚೀಲಕ್ಕೆ ತುಂಬಿಸಿಕೊಂಡು ಬಂದೆ. ವಾರ ಕಳೆಯಲಿಲ್ಲ, ವ್ಯಾನು ಕರೀ ಹೊಗೆ ಉಗುಳತೊಡಗಿತು. ಏರಿನಲ್ಲಿ ಮುಕ್ಕರಿಯುವುದು, ನಿಂತಲ್ಲಿ ನಡುಗುವುದು. ಪೆಟ್ರೋಲನ್ನಂತೂ ಬೀಗರ ಮನೆ ಪಾಯಸದ ಹಾಗೆ ಕುಡಿಯುತ್ತಿತ್ತು. ನನ್ನ ಹೆಂಡತಿ ಗಿರಿಜಾ ಕನ್ನಡಿಯಲ್ಲಿ ಹಿಂದೆ ನೋಡಿ, "ಏನ್ರೀ ಇದು, ಹಿಂದೆ ಬರೋರಿಗೆಲ್ಲ ಸಾಂಬ್ರಾಣಿ ಹಾಕ್ಕೊಂಡು ಹೋಗ್ತಿದೀರಲ್ಲ!" ಅಂದಳು.

ಭಾಯಿ ಪ್ಲಗ್ ಬಿಚ್ಚಿ ನೋಡಿದರು. ಕಾಡಿಗೆ ಡಬ್ಬಿಯಲ್ಲಿ ಅದ್ದಿದ ಹಾಗಿತ್ತು. "ಗಾಳಿ ಸಾಲ್ತಿಲ್ಲ ಯಜಮಾನ್ರೇ, ಪೆಟ್ರೋಲ್ ಜಾಸ್ತಿ ಹೋಗ್ತಾ ಇದೆ" ಅಂದರು. ಆದರೆ ಸ್ಟಾರ್ಟ್ ಮಾಡಿದರೆ ಅವರ ಮುಂದೆ ವ್ಯಾನು ಹೆಡ್‌ಮಾಸ್ತರ ಎದುರಿನ ಹುಡುಗನ ಹಾಗೆ ಸಾಧುವಾಗಿ ನಿಂತಿತು. ಅನುಮಾನಕ್ಕೆ, ಪೆಟ್ರೋಲಿನ ಮಟ್ಟ ಕಾಯುವ ಕಾರ್ಬೊರೇಟರಿನ ಫ್ಲೋಟ್ ಬದಲಾಯಿಸಿದರು. ಹಳೇ ಫ್ಲೋಟ್ ಚೀಲಕ್ಕೆ ಬಂತು, ಮಾರನೇ ದಿನ ಹೊಗೆ ಇನ್ನೂ ದಪ್ಪಗಾಯಿತು. ಮತ್ತೆ ಪ್ಲಗ್ಗು, ಮತ್ತೆ ಫಿಲ್ಟರು, ಕೊನೆಗೆ ಕಾರ್ಬೊರೇಟರೇ ಹೊಸದು. ಚೀಲ ಉಬ್ಬುತ್ತಾ ಹೋಯಿತು, ಹೊಗೆಯೂ ಹೆಚ್ಚುತ್ತಾ ಹೋಯಿತು. ಬುದ್ಧಿವಂತನಾದವನು ಇವೆರಡನ್ನೂ ಕೂಡಿಸಿ ನೋಡಬೇಕಿತ್ತು. ನಾನು ಕೂಡಿಸಿದ್ದು ಬೇರೆಯದನ್ನು. ಭಾಯಿ ಹೊಸದು ಅಂತ ಹೇಳಿ ಯಾವುದೋ ಗಾಡಿಯ ಹಳೇದನ್ನೇ ಉಜ್ಜಿ ಹಾಕುತ್ತಿದ್ದಾರೆ ಎಂದು ತೀರ್ಮಾನಿಸಿಬಿಟ್ಟೆ.

ನೇರವಾಗಿ ಹೋಗಿ ಅಂದೇಬಿಟ್ಟೆ. "ನೋಡಿ ಭಾಯಿ, ನಾನೂ ಹಳೇ ಪಾತ್ರೆಗೆ ಪಾಲಿಶ್ ಕೊಟ್ಟು ಮಾರಿದೋನೇ. ಪಾಲಿಶ್ ಯಾವುದು, ಹೊಸದು ಯಾವುದು ಅಂತ ನಂಗೆ ಗೊತ್ತಾಗುತ್ತೆ."

ಅವರು ಜೋರು ಮಾಡಿದ್ದರೆ ನಾನೂ ಮಾಡುತ್ತಿದ್ದೆ, ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಅವರು ಕೈಯಲ್ಲಿದ್ದ ಸ್ಪ್ಯಾನರನ್ನು ನಿಧಾನವಾಗಿ ಕೆಳಗಿಟ್ಟು, ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು. ಚಹಾ ತರಿಸಲಿಲ್ಲ. "ಹನ್ನೆರಡು ವರ್ಷ ಆಯ್ತು ಯಜಮಾನ್ರೇ. ನಾನೂ ಬರ್ತೀನಿ, ನೀವು ದಿನಾ ಹೆಂಗೆ ಓಡಿಸ್ತೀರೋ ಹಂಗೇ ಓಡಿಸಿ. ತಪ್ಪು ನಂದೇ ಆದ್ರೆ ಇನ್ಮೇಲೆ ನಿಮ್ಮ ಗಾಡಿ ಮುಟ್ಟೋದಿಲ್ಲ, ಬೇರೆ ಕಡೆ ನೋಡ್ಕೊಳ್ಳಿ" ಅಂದರು. ಆಡಿದ ಮಾತು ಜಾಸ್ತಿಯಾಯಿತು ಅಂತ ಆಗಲೇ ಅನ್ನಿಸಿತು. ಆದರೆ ಚೌಕಾಸಿ ಮಾಡಿ ಬೆಳೆದ ಬಾಯಿ, ಹೇಳಿದ್ದನ್ನು ಅಷ್ಟು ಸುಲಭವಾಗಿ ಇಳಿಸುವುದಿಲ್ಲ.

ಹೊರಟೆವು. ಹೊಗೆಯಿಲ್ಲ, ನಡುಕವಿಲ್ಲ, ರೇಷ್ಮೆ ಎಳೆದಂತೆ ಹೋಯಿತು. ಭಾಯಿ ಕಿಟಕಿಯಾಚೆ ತಲೆ ಹಾಕಿ, "ಎಲ್ಲಿ ಹೊಗೆ?" ಅಂದರು. "ತಾಳಿ, ಸ್ವಲ್ಪ ದೂರ ಹೋದ್ಮೇಲೆ ಬರುತ್ತೆ" ಅಂದೆ. ಎರಡನೇ ತಿರುವಿನಲ್ಲಿ ರೂಢಿಯಂತೆ ವ್ಯಾನು ನಿಲ್ಲಿಸಿ, ಇಳಿದು, ಹಿಂದಿನ ಡೋರ್ ತೆಗೆದು, ದೊಡ್ಡ ಕೊಳಗದೊಳಗಿಂದ ರೆಕ್ಸಿನ್ ಚೀಲ ಎತ್ತಿ ತಂದು, "ಒಂಚೂರು ಏಳಿ ಭಾಯಿ" ಅಂತ ಅವರ ಸೀಟು ಎತ್ತಿ, ಎಂಜಿನ್ ಪಕ್ಕದ ಸಂದಿಗೆ ತುರುಕಿದೆ.

"ಏನದು?"

"ಹಳೇ ಪಾರ್ಟು. ಇಲ್ಲಿಟ್ರೆ ಯಾರೂ ಕದಿಯಲ್ಲ."

"ಮತ್ತೆ ಗ್ಯಾರೇಜಿಗೆ ಬಂದಾಗ ಇಲ್ಲಿರಲಿಲ್ವಲ್ಲ?"

ನಿಮಗಾದರೆ ನಿಜ ಹೇಳಬಹುದು. ಅವರು ಸೀಟು ಎತ್ತಿದಾಗ ಚೀಲ ಕಂಡು, ಅದರಲ್ಲಿದ್ದುದನ್ನೇ ಉಜ್ಜಿ ವಾಪಸ್ ಹಾಕಿಬಿಟ್ಟಾರು ಎಂಬ ಭಯಕ್ಕೆ, ಗ್ಯಾರೇಜು ಬರುವ ಮೊದಲೇ ಈ ತಿರುವಿನಲ್ಲಿ ತೆಗೆದು ಕೊಳಗದಲ್ಲಿ ಬಚ್ಚಿಡುತ್ತಿದ್ದೆ. ನಾನು ತೊದಲುವಷ್ಟರಲ್ಲಿ ಅವರು ಬಗ್ಗಿ ನೋಡಿದರು. ಎಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿಗೆ ನನ್ನ ಚೀಲ, ಗಡಿಗೆಗೆ ಮುಚ್ಚಳ ಹಾಕಿದಂತೆ ಅಂಟಿಕೊಂಡಿತ್ತು. ಸ್ಟಾರ್ಟ್ ಮಾಡಿದ್ದೇ ತಡ, ಸಾಂಬ್ರಾಣಿ ಶುರು.

ಭಾಯಿ ಫುಟ್‌ಪಾತಿನ ಮೇಲೆ ಕೂತುಬಿಟ್ಟರು. ನಗುತ್ತಿದ್ದರೋ ಅಳುತ್ತಿದ್ದರೋ ಮೊದಲು ತಿಳಿಯಲಿಲ್ಲ. "ಎಂಜಿನ್ ಮೂಗು ಮುಚ್ಚಿ, ಹೊಸ ಮೂಗು ಹಾಕು, ಹೊಸ ಮೂಗು ಹಾಕು ಅಂತಿದ್ರಲ್ಲ ಯಜಮಾನ್ರೇ! ಇನ್ನೊಂದು ತಿಂಗಳು ಬಿಟ್ಟಿದ್ರೆ ನನ್ನ ಗ್ಯಾರೇಜೂ ಬಿಚ್ಚಿ ಚೀಲಕ್ಕೆ ತುಂಬ್ಕೊಂಡು ಹೋಗ್ತಿದ್ರಿ."

ಗಿರಿಜಾ ವಿಷಯ ಕೇಳಿ, "ಮೊದಲು ಹೋಗಿ ತಪ್ಪಾಯ್ತು ಅಂತ ಹೇಳಿ ಬನ್ನಿ" ಅಂದಳು. ಈ ಮಾತು ನನ್ನ ನಾಲಿಗೆಯ ದಾಸ್ತಾನಿನಲ್ಲಿ ಇಲ್ಲ. ಹಾಗಾಗಿ ಮುಂದಿನ ಸಲ ಬ್ರೇಕ್ ಕೆಲಸ ಮಾಡಿಸಿದಾಗ, ಭಾಯಿ ರೇಟು ಹೇಳಿದ ತಕ್ಷಣ, ಎದೆ ಹಿಡಿದುಕೊಳ್ಳದೆ, ಕೇಳಿದಷ್ಟನ್ನೂ ತೆಗೆದು ಅವರ ಮುಂದಿಟ್ಟೆ. ಹಳೇ ಪಾರ್ಟನ್ನೂ ಕೇಳಲಿಲ್ಲ.

ಅವರ ಮುಖ ಕಪ್ಪಿಟ್ಟಿತು. ದುಡ್ಡು ಮುಟ್ಟಲಿಲ್ಲ. "ಯಾಕೆ ಯಜಮಾನ್ರೇ, ಇನ್ನೂ ಕೋಪಾನಾ? ಬೇರೆ ಗ್ಯಾರೇಜಿಗೆ ಹೋಗೋರ ಹಂಗೆ ಕೊಡ್ತಿದೀರಾ" ಅಂದರು. ಇಲ್ಲ ಭಾಯಿ, ಇಲ್ಲ, ಅಂದೆ. ನಂಬಲಿಲ್ಲ. "ಹಂಗಾದ್ರೆ ಒಂದೈವತ್ತಾದ್ರೂ ಕಮ್ಮಿ ಮಾಡು ಅಂತ ಕೇಳಿ. ನಂಗೂ ಸಮಾಧಾನ" ಅಂತ ಚಹಾಕ್ಕೆ ಕೂಗಿ ಹೇಳಿದರು. ಹಳೇ ಬ್ರೇಕ್ ಶೂಗಳನ್ನು ತಾವೇ ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟು, "ಹಿಂದುಗಡೆ ಇಡಿ" ಅಂದರು.

ಅಷ್ಟು ಪ್ರೀತಿಯಿಂದ ಕೇಳಿದ ಮೇಲೆ ಇಲ್ಲ ಅನ್ನಲಾಗುತ್ತದೆಯೇ? ಎದೆ ಹಿಡಿದುಕೊಂಡೆ. ಅವರು ಐವತ್ತು ಅಂದಿದ್ದರು, ನಾನು ಎಪ್ಪತ್ತೈದು ಬಿಡಿಸಿಕೊಂಡು ಬಂದೆ.